'ಎ ಟೈಮ್ ಟು ಕಿಲ್' (1996): ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಕಥೆಯ ಕೊನೆಯವರೆಗಿನ ವಿವರಗಳಿವೆ. ಸಿನಿಮಾ ಇನ್ನೂ ನೋಡದವರು ಮೊದಲ ಎರಡು ಪ್ರಶ್ನೆ ಓದಿ ಇಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ನೋಡಿದ ಮೇಲೆ ಓದಿ.

ಇದು ಯಾವ ಸಿನಿಮಾ, ಏನು ಕಥೆ?

ಜಾನ್ ಗ್ರಿಶಮ್ ಬರೆದ ಮೊದಲ ಕಾದಂಬರಿಯನ್ನು (1989) ಆಧರಿಸಿ ಜೋಯೆಲ್ ಶೂಮಾಕರ್ ನಿರ್ದೇಶಿಸಿದ ಚಿತ್ರ. ಚಿತ್ರಕಥೆ ಅಕಿವಾ ಗೋಲ್ಡ್ಸ್‌ಮನ್ ಅವರದು. ಅವಧಿ 149 ನಿಮಿಷ. ಅಮೆರಿಕದಲ್ಲಿ ತೆರೆಕಂಡದ್ದು 1996ರ ಜುಲೈ 24ರಂದು.

ಮಿಸಿಸಿಪ್ಪಿ ರಾಜ್ಯದ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ ಕಪ್ಪು ಜನಾಂಗದ ಹತ್ತು ವರ್ಷದ ಟೋನ್ಯಾ ಅಂಗಡಿಯಿಂದ ಮನೆಗೆ ನಡೆದು ಹೋಗುತ್ತಿದ್ದಾಗ ಇಬ್ಬರು ಬಿಳಿ ಯುವಕರು ಅವಳನ್ನು ಎಳೆದೊಯ್ದು ಅತ್ಯಾಚಾರ ಮಾಡಿ, ಸಾಯಲೆಂದು ಬಿಟ್ಟುಹೋಗುತ್ತಾರೆ. ಇಬ್ಬರೂ ಸಿಕ್ಕಿಬೀಳುತ್ತಾರೆ. ಅವರನ್ನು ಕೋರ್ಟಿಗೆ ಕರೆತಂದ ದಿನ, ಕಟ್ಟಡದೊಳಗೇ ಅಡಗಿ ಕಾದಿದ್ದ ಅಪ್ಪ ಕಾರ್ಲ್ ಲೀ ಹೇಲಿ ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಜೊತೆಯಲ್ಲಿದ್ದ ಲೂನಿ ಎಂಬ ಪೊಲೀಸನ ಕಾಲಿಗೂ ಗುಂಡು ತಗಲಿ, ಆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಮುಂದಿನದೆಲ್ಲ ಕಾರ್ಲ್ ಲೀ ಮೇಲಿನ ಕೊಲೆ ಮೊಕದ್ದಮೆ. ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಕಾರ್ಲ್ ಲೀ ಆಗಿದ್ದಾರೆ, ಮ್ಯಾಥ್ಯೂ ಮೆಕಾನಹೇ ಅವನ ವಕೀಲ ಜೇಕ್ ಬ್ರಿಗಾನ್ಸ್. ಸರ್ಕಾರಿ ವಕೀಲ ಬಕ್ಲಿಯ ಪಾತ್ರ ಕೆವಿನ್ ಸ್ಪೇಸಿಯದು, ಜೇಕ್‌ಗೆ ನೆರವಾಗುವ ಕಾನೂನು ವಿದ್ಯಾರ್ಥಿನಿ ಎಲೆನ್ ಆಗಿ ಸ್ಯಾಂಡ್ರಾ ಬುಲಕ್ ಇದ್ದಾರೆ.

ಮನೆಮಂದಿಯ ಜೊತೆ ಕೂತು ನೋಡಬಹುದೇ?

ಮಕ್ಕಳ ಜೊತೆ ಬೇಡ. ಅಮೆರಿಕದಲ್ಲಿ ಇದಕ್ಕೆ ಕೊಟ್ಟದ್ದು 'ಆರ್' ಪ್ರಮಾಣಪತ್ರ. ಶುರುವಿನ ಅತ್ಯಾಚಾರವನ್ನು ಕ್ಯಾಮೆರಾ ನೇರವಾಗಿ ತೋರಿಸುವುದಿಲ್ಲ, ಆದರೆ ಮಗುವಿನ ಕಣ್ಣಿಗೆ ಕಂಡಷ್ಟು ತುಣುಕುಗಳನ್ನು ತೋರಿಸುತ್ತದೆ. ಅದು ಇನ್ನೂ ಹೆಚ್ಚು ಕಾಡುತ್ತದೆ. ಕೊನೆಯಲ್ಲಿ ವಕೀಲ ಅದನ್ನೇ ಮಾತಿನಲ್ಲಿ ಮತ್ತೊಮ್ಮೆ ವಿವರವಾಗಿ ಹೇಳುತ್ತಾನೆ. ಇಂಥ ದೌರ್ಜನ್ಯವನ್ನು ಅನುಭವಿಸಿದವರು ಜೊತೆಯಲ್ಲಿದ್ದರೆ ಈ ಎರಡೂ ಜಾಗಗಳ ಬಗ್ಗೆ ಮೊದಲೇ ಹೇಳಿಬಿಡಿ. ಕಪ್ಪು ಜನರನ್ನು ಹೀಯಾಳಿಸುವ ಬೈಗುಳಗಳು ಚಿತ್ರದುದ್ದಕ್ಕೂ ಇವೆ.

ಇದು ನಿಜ ಘಟನೆಯೇ?

ಅಲ್ಲ, ಆದರೆ ಬೀಜ ಒಂದು ನಿಜ ಕೋರ್ಟಿನಲ್ಲಿ ಬಿದ್ದದ್ದು. 1984ರಲ್ಲಿ ಮಿಸಿಸಿಪ್ಪಿಯ ಹರ್ನಾಂಡೊದ ಡಿಸೋಟೊ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಮೇಲಾದ ಅತ್ಯಾಚಾರದ ಬಗ್ಗೆ ಸಾಕ್ಷಿ ಹೇಳುವುದನ್ನು ಆಗ ವಕೀಲರಾಗಿದ್ದ ಗ್ರಿಶಮ್ ಕೇಳಿದರು. ಆ ಹುಡುಗಿಯ ಅಪ್ಪ ಆರೋಪಿಯನ್ನು ಕೊಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಿಂದ ಕಾದಂಬರಿ ಹುಟ್ಟಿತು. ಬರೆದು ಮುಗಿಸಲು ಮೂರು ವರ್ಷ ಹಿಡಿಯಿತು, ಮೊದಲು ಅಚ್ಚಾದದ್ದು 5,000 ಪ್ರತಿ.

ಎಷ್ಟೋ ಜನಕ್ಕೆ ತಿಳಿಯದ ಒಂದು ವಿವರವಿದೆ. ಆ ನಿಜ ಪ್ರಕರಣದಲ್ಲಿ ಹುಡುಗಿ ಬಿಳಿಯಳು, ಅಪರಾಧಿ ಕಪ್ಪು ಜನಾಂಗದವನು. ಗ್ರಿಶಮ್ ಬಣ್ಣಗಳನ್ನು ಅದಲುಬದಲು ಮಾಡಿದರು. ಹಾಗೆ ಮಾಡಿದ್ದರಿಂದಲೇ ಕಥೆಯ ಭಾರವೆಲ್ಲ ಕೊಲೆಗಾರನಿಂದ ಜ್ಯೂರಿಯ ಮೇಲೆ, ಎಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಸಾಮಾನ್ಯ ನಾಗರಿಕರ ಮೇಲೆ, ಬಂತು. ಈ ಸಿನಿಮಾ ನೋಡುವಾಗ ಕಣ್ಣಿಡಬೇಕಾದ್ದು ಅಲ್ಲಿಯೇ: ವಾದಕ್ಕಿಂತ, ಸಾಕ್ಷಿಗಿಂತ, ಆ ಹನ್ನೆರಡು ಕುರ್ಚಿಗಳಲ್ಲಿ ಕೂತವರು ಯಾರು ಎಂಬುದರ ಮೇಲೆ.

ಆರೋಪಿಗಳು ಸಿಕ್ಕಿಬಿದ್ದಿದ್ದರಲ್ಲ, ಕಾರ್ಲ್ ಲೀ ಕೋರ್ಟಿನ ಮೇಲೆ ನಂಬಿಕೆ ಇಡಬಾರದಿತ್ತೇ?

ಅವನು ನಂಬದೇ ಇದ್ದದ್ದಕ್ಕೆ ಮಿಸಿಸಿಪ್ಪಿಯ ಚರಿತ್ರೆಯೇ ಕಾರಣ. 1955ರ ಆಗಸ್ಟ್‌ನಲ್ಲಿ ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು, ಬಿಳಿ ಹೆಂಗಸೊಬ್ಬಳ ಜೊತೆ ಸಲಿಗೆಯಿಂದ ವರ್ತಿಸಿದನೆಂದು ಹೇಳಿ ಎತ್ತಿಕೊಂಡು ಹೋಗಿ ಕೊಂದರು. ಸಮ್ನರ್ ಎಂಬ ಊರಿನ ಕೋರ್ಟಿನಲ್ಲಿ ಇಬ್ಬರ ಮೇಲೆ ಮೊಕದ್ದಮೆ ನಡೆಯಿತು. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿ ಗಂಡಸರು. 67 ನಿಮಿಷದಲ್ಲಿ ಇಬ್ಬರನ್ನೂ ಖುಲಾಸೆ ಮಾಡಿದರು. ಕೆಲವೇ ತಿಂಗಳಲ್ಲಿ, 1956ರ ಜನವರಿಯಲ್ಲಿ, ಆ ಇಬ್ಬರೂ 'ಲುಕ್' ಪತ್ರಿಕೆಯಿಂದ ಹಣ ಪಡೆದು, ತಾವೇ ಕೊಂದದ್ದೆಂದು ಹೇಳಿಕೊಂಡರು. ಒಮ್ಮೆ ಖುಲಾಸೆಯಾದವರ ಮೇಲೆ ಅದೇ ಅಪರಾಧಕ್ಕೆ ಮತ್ತೆ ಮೊಕದ್ದಮೆ ಹೂಡುವಂತಿಲ್ಲವಾದ್ದರಿಂದ ಅವರಿಗೆ ಏನೂ ಆಗಲಿಲ್ಲ.

ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ಅವರನ್ನು 1963ರ ಜೂನ್‌ನಲ್ಲಿ ಜಾಕ್ಸನ್ ನಗರದ ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. 1964ರಲ್ಲಿ ಎರಡು ಸಲ ಬಿಳಿಯರ ಜ್ಯೂರಿ ಒಮ್ಮತಕ್ಕೆ ಬರದೆ ವಿಚಾರಣೆ ಮುರಿದುಬಿತ್ತು. ಕೊಲೆಗಾರನಿಗೆ ಶಿಕ್ಷೆಯಾದದ್ದು 1994ರಲ್ಲಿ, ಈ ಸಿನಿಮಾ ಬರುವುದಕ್ಕೆ ಬರೀ ಎರಡು ವರ್ಷ ಮೊದಲು.

ತಕ್ಕಡಿಯ ಇನ್ನೊಂದು ತಟ್ಟೆ ಇಲ್ಲಿದೆ: 1930ರಿಂದೀಚೆಗೆ ಅಮೆರಿಕದಲ್ಲಿ ಅತ್ಯಾಚಾರದ ಅಪರಾಧಕ್ಕೆ ಮರಣದಂಡನೆಗೆ ಒಳಗಾದವರು 455 ಜನ, ಅವರಲ್ಲಿ 405 ಮಂದಿ ಕಪ್ಪು ಜನಾಂಗದವರು. ಮಗಳ ಮೇಲೆ ಅತ್ಯಾಚಾರ ಮಾಡಿದ ಆ ಇಬ್ಬರು ಬಿಡುಗಡೆಯಾಗಿ ಹೋಗಬಹುದೇ ಎಂದು ಕಾರ್ಲ್ ಲೀ ಕೇಳಿದಾಗ ಜೇಕ್‌ಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಕೊಲೆ ನಿಶ್ಚಯವಾಗುವುದು ಆ ಕ್ಷಣದಲ್ಲಿ.

ಹನ್ನೆರಡು ಜ್ಯೂರರೂ ಬಿಳಿಯರೇ ಆಗಿರುವುದು ಹೇಗೆ ಸಾಧ್ಯ?

ಮಿಸಿಸಿಪ್ಪಿಯ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಪ್ಪು ಜನರಿದ್ದಾರೆ. ಆದರೂ ಇದು ಸಾಧ್ಯ. ಸೋರುವುದು ಮೂರು ಜಾಗಗಳಲ್ಲಿ.

ಮೊದಲನೆಯದು ಪಟ್ಟಿ. ಜ್ಯೂರಿಗೆ ಹೆಸರು ಎತ್ತುವುದು ಮತದಾರರ ಪಟ್ಟಿಯಿಂದ. 1965ರ ಮತದಾನ ಹಕ್ಕು ಕಾಯಿದೆಗೆ ಮುಂಚೆ ಮಿಸಿಸಿಪ್ಪಿಯಲ್ಲಿ ಮತಕ್ಕೆ ಅರ್ಹರಾದ ಕಪ್ಪು ಜನರಲ್ಲಿ ನೂರಕ್ಕೆ ಏಳು ಜನರ ಹೆಸರೂ ಪಟ್ಟಿಯಲ್ಲಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಇಲ್ಲ ಎಂದರೆ ಜ್ಯೂರಿಯಲ್ಲೂ ಇಲ್ಲ. ಹೆಂಗಸರಿಗೆ ಈ ರಾಜ್ಯದ ಜ್ಯೂರಿಯ ಬಾಗಿಲು ತೆರೆದದ್ದೇ 1968ರಲ್ಲಿ.

ಎರಡನೆಯದು ಕಾರಣ ಕೊಟ್ಟು ತೆಗೆಯುವುದು. ಪಟ್ಟಿಯಿಂದ ಕರೆಸಿದವರನ್ನು ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಪ್ರಶ್ನಿಸುತ್ತಾರೆ. ಆರೋಪಿಯ ನೆಂಟ, ಪೊಲೀಸನ ಹೆಂಡತಿ, ಆಗಲೇ ತೀರ್ಮಾನಕ್ಕೆ ಬಂದುಬಿಟ್ಟವನು, ಇಂಥವರನ್ನು ಕಾರಣ ಹೇಳಿ ಕೈಬಿಡಬಹುದು. ಇದಕ್ಕೆ ಮಿತಿ ಇಲ್ಲ. ಮರಣದಂಡನೆಯ ಕೇಸಿನಲ್ಲಿ ಇಲ್ಲೊಂದು ಜರಡಿ ಹೆಚ್ಚು: ಎಂಥ ಕೇಸಾದರೂ ಮರಣದಂಡನೆಗೆ ಒಪ್ಪಲಾರೆ ಎನ್ನುವವರೂ ಹೊರಗೆ ಬೀಳುತ್ತಾರೆ. ಆ ನಿಲುವಿನವರು ಕಪ್ಪು ಜನರಲ್ಲಿ ಹೆಚ್ಚು.

ಮೂರನೆಯದೇ ದೊಡ್ಡ ತೂತು: ಕಾರಣ ಕೊಡದೆ ತೆಗೆಯುವ ಹಕ್ಕು. ಮಿಸಿಸಿಪ್ಪಿಯಲ್ಲಿ ಮರಣದಂಡನೆ ಕೇಸಿನಲ್ಲಿ ಒಂದೊಂದು ಕಡೆಗೂ ಇಂಥ 12 ಅವಕಾಶಗಳಿವೆ. ಸರ್ಕಾರಿ ವಕೀಲ ಅದನ್ನು ಒಂದೇ ಬಣ್ಣದವರ ಮೇಲೆ ಖರ್ಚು ಮಾಡಿದರೆ ಸಾಕು, ಜ್ಯೂರಿ ಬೆಳ್ಳಗಾಗುತ್ತದೆ. 1986ರಲ್ಲಿ ಬ್ಯಾಟ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಆಕ್ಷೇಪ ಬಂದರೆ, ತೆಗೆದವರು ಬಣ್ಣಕ್ಕೆ ಸಂಬಂಧವಿಲ್ಲದ ಕಾರಣ ಹೇಳಬೇಕು, ಅದು ನಿಜವೋ ನೆಪವೋ ಎಂದು ನ್ಯಾಯಾಧೀಶರು ನಿರ್ಧರಿಸಬೇಕು. 1992ರಿಂದ ಇದೇ ನಿಯಮ ಆರೋಪಿ ಪರ ವಕೀಲರಿಗೂ ಅನ್ವಯ.

ಕಾದಂಬರಿಯ ಕಾಲ 1980ರ ದಶಕದ ನಡುಭಾಗ. ಬ್ಯಾಟ್ಸನ್‌ಗೆ ಮುಂಚಿನ ಮಾತೆಂದು ಅದಕ್ಕೆ ವಿನಾಯಿತಿ ಕೊಡಬಹುದು. ಸಿನಿಮಾ 1990ರ ದಶಕದ್ದು. ಅಲ್ಲಿ ಜೇಕ್ ಎದ್ದು ಬ್ಯಾಟ್ಸನ್ ಹೆಸರೆತ್ತಿ ಒಬ್ಬೊಬ್ಬರಿಗೂ ಆಕ್ಷೇಪ ದಾಖಲಿಸಬೇಕಿತ್ತು. ತೀರ್ಪು ವಿರುದ್ಧ ಬಂದರೆ ಮೇಲ್ಮನವಿಗೆ ಅದೇ ಗಟ್ಟಿ ಆಧಾರ.

ಹಾಗಾದರೆ ಬ್ಯಾಟ್ಸನ್ ಬಂದ ಮೇಲೆ ಎಲ್ಲ ಸರಿಹೋಯಿತೇ?

ಇಲ್ಲ. ಈ ಸಿನಿಮಾ ತೆರೆಕಾಣುವ ಎಂಟು ದಿನ ಮುಂಚೆ, 1996ರ ಜುಲೈ 16ರಂದು, ಅದೇ ಮಿಸಿಸಿಪ್ಪಿಯ ವಿನೋನಾ ಊರಿನ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಜನಾಂಗದ ಯುವಕನ ಮೇಲೆ ಒಬ್ಬನೇ ಸರ್ಕಾರಿ ವಕೀಲ ಆರು ಸಲ ವಿಚಾರಣೆ ನಡೆಸಿದ. ಆರೂ ಸಲ ಸೇರಿ ತಾನು ತೆಗೆಯಬಹುದಾಗಿದ್ದ 42 ಕಪ್ಪು ಜ್ಯೂರರಲ್ಲಿ 41 ಮಂದಿಯನ್ನು ತೆಗೆದ. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಶಿಕ್ಷೆಯನ್ನು ರದ್ದುಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ಆರೋಪಗಳನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಅವರ ಇಪ್ಪತ್ತಕ್ಕೂ ಹೆಚ್ಚು ವರ್ಷ ಜೈಲಿನಲ್ಲಿ ಕಳೆದುಹೋಗಿತ್ತು. ತೆರೆಯ ಮೇಲೆ ಬಕ್ಲಿಯನ್ನು ನೋಡಿ ಅತಿಯಾಯಿತು ಎನ್ನಿಸಿದವರು ಈ ಒಂದು ಪ್ರಕರಣವನ್ನು ಓದಬೇಕು.

ಬೇರೆ ಊರಿಗೆ ವಿಚಾರಣೆ ವರ್ಗಾಯಿಸಿ ಎಂದು ಜೇಕ್ ಕೇಳುವುದೇಕೆ?

ಜ್ಯೂರಿಯನ್ನು ಆಯುವುದು ವಿಚಾರಣೆ ನಡೆಯುವ ಕೌಂಟಿಯಿಂದ. ಕಪ್ಪು ಜನ ಹೆಚ್ಚಿರುವ ಕೌಂಟಿಗೆ ಹೋದರೆ ಪಟ್ಟಿಯೇ ಬದಲಾಗುತ್ತದೆ. ಆದರೆ ಅರ್ಜಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಊರೆಲ್ಲ ಸುದ್ದಿಯಾಗಿ ಪೂರ್ವಗ್ರಹ ತುಂಬಿದೆ ಎಂದೇ ಹೇಳಬೇಕು. ಇಡೀ ರಾಜ್ಯಕ್ಕೇ ಸುದ್ದಿ ಹಬ್ಬಿರುವಾಗ ಆ ಕಾರಣ ಬಲ ಕಳೆದುಕೊಳ್ಳುತ್ತದೆ. ನ್ಯಾಯಾಧೀಶ ನೂಸ್ ಅರ್ಜಿಯನ್ನು ತಳ್ಳಿಹಾಕುತ್ತಾನೆ.

ಕಾರ್ಲ್ ಲೀಗೆ ಹುಚ್ಚಿರಲಿಲ್ಲ. ಮತ್ತೆ ಹುಚ್ಚಿನ ವಾದ ಯಾಕೆ?

ಬೇರೆ ದಾರಿ ಇರಲಿಲ್ಲ. ಕೊಂದದ್ದನ್ನು ಕೋರ್ಟೇ ನೋಡಿದೆ, ಆದ್ದರಿಂದ ನಾನಲ್ಲ ಎನ್ನುವಂತಿಲ್ಲ. ಆರೋಪಿಗಳು ಬೇಡಿ ತೊಟ್ಟು ಪೊಲೀಸರ ವಶದಲ್ಲಿದ್ದರು, ಆದ್ದರಿಂದ ಆತ್ಮರಕ್ಷಣೆಯ ಮಾತು ನಿಲ್ಲುವುದಿಲ್ಲ. ಬಂದೂಕು ಹೊಂದಿಸಿಕೊಂಡು, ಜಾಗ ನೋಡಿಕೊಂಡು, ಕಾದು ಕೂತಿದ್ದಾನೆ, ಆದ್ದರಿಂದ ಸಿಟ್ಟಿನ ಭರದಲ್ಲಿ ಮಾಡಿದ್ದು ಎಂದು ಶಿಕ್ಷೆ ಇಳಿಸಿಕೊಳ್ಳುವುದೂ ಕಷ್ಟ. ಉಳಿದದ್ದು ಇದೊಂದೇ.

ಮಿಸಿಸಿಪ್ಪಿಯಲ್ಲಿ ಬಳಸುವ ಅಳತೆಗೋಲು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಸೂತ್ರ. ಮಾನಸಿಕ ರೋಗದಿಂದಾಗಿ ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆಂದು ಆರೋಪಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ಅದು ತಪ್ಪೆಂದು ತಿಳಿಯುತ್ತಿರಲಿಲ್ಲ ಎಂಬುದಿರಬೇಕು. ಮನಸ್ಸನ್ನು ತಡೆಯಲಾಗಲಿಲ್ಲ ಎನ್ನುವುದು ಇಲ್ಲಿ ಸಾಲದು. ಆದರೆ ಈ ರಾಜ್ಯದ ನಿಯಮದಲ್ಲಿ ಆರೋಪಿಗೆ ಒಂದು ಅನುಕೂಲವಿದೆ. ಸ್ವಸ್ಥಬುದ್ಧಿಯ ಬಗ್ಗೆ ಅವನ ವಕೀಲ ತಕ್ಕಷ್ಟು ಅನುಮಾನ ಎಬ್ಬಿಸಿದರೆ ಸಾಕು, ಬುದ್ಧಿ ಸರಿಯಿತ್ತೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಸರ್ಕಾರದ ಮೇಲೆ ಬೀಳುತ್ತದೆ. ಜೇಕ್ ಗೆಲ್ಲಬೇಕಿಲ್ಲ, ಅನುಮಾನ ಉಳಿಸಿದರೆ ಸಾಕು.

ಇನ್ನೊಂದು ಮಾತು. ಈ ವಾದ ಜ್ಯೂರಿಗೆ ಒಂದು ಮರೆ ಕೊಡುತ್ತದೆ. ಬಿಟ್ಟುಬಿಡಬೇಕೆಂದು ಮನಸ್ಸು ಮಾಡಿದವರಿಗೆ ಕಾನೂನಿನ ಒಂದು ಹೆಸರು ಬೇಕು, ಅದನ್ನು ಒದಗಿಸುವುದೇ ವಕೀಲನ ಕೆಲಸ. ಹೆಂಡತಿಯ ಪ್ರಿಯಕರನನ್ನು ವಾಷಿಂಗ್ಟನ್ನಿನ ಬೀದಿಯಲ್ಲಿ ಗುಂಡಿಟ್ಟು ಕೊಂದ ಸಂಸದ ಡೇನಿಯಲ್ ಸಿಕಲ್ಸ್ 1859ರಲ್ಲಿ ತಾತ್ಕಾಲಿಕ ಬುದ್ಧಿಭ್ರಮಣೆ ಎಂದೇ ಬಿಡುಗಡೆಯಾದದ್ದು.

ಈ ಎಳೆ ಹರಿಯುವುದು ಎಲ್ಲಿ ಎಂದರೆ, ಪಾಟೀಸವಾಲಿನಲ್ಲಿ. ಬಕ್ಲಿ ಕೆಣಕುತ್ತಾ ಹೋದಂತೆ ಕಾರ್ಲ್ ಲೀ ತಾಳ್ಮೆ ಕಳೆದುಕೊಂಡು, ಅವರು ಸಾಯಬೇಕಾದವರೇ ಎಂದು ಕೂಗಿಬಿಡುತ್ತಾನೆ. ಜಾಕ್ಸನ್ ಆ ಒಂದು ಸಾಲನ್ನು ಹೇಳುವಾಗ ಮುಖವನ್ನು ಗಮನಿಸಿ: ಮೊದಲು ದವಡೆ ಬಿಗಿಯುತ್ತದೆ, ಮಾತು ಆಮೇಲೆ. ಕಾನೂನಿನ ದೃಷ್ಟಿಯಲ್ಲಿ ಅದು ಕೇಸನ್ನೇ ಮುಗಿಸುವ ಮಾತು, ಏಕೆಂದರೆ ಏನು ಮಾಡಿದೆನೆಂದು ಚೆನ್ನಾಗಿ ಗೊತ್ತಿದ್ದವನ ಮಾತದು. ಆರೋಪಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸಲೇಬೇಕೆಂಬ ನಿಯಮ ಇಲ್ಲ. ಹತ್ತಿಸಿದರೆ ಪಾಟೀಸವಾಲು ತಪ್ಪುವುದಿಲ್ಲ.

ಮನೋವೈದ್ಯ ಬಾಸ್‌ನ ಸಾಕ್ಷ್ಯ ಕುಸಿಯುವ ದೃಶ್ಯ ನಂಬುವಂಥದ್ದೇ?

ಅರ್ಧ ಮಾತ್ರ. ಆರೋಪಿ ಪರ ತಜ್ಞನಾಗಿ ಬಂದ ಬಾಸ್‌ಗೆ ಬಹಳ ಹಿಂದೆ ಅಪ್ರಾಪ್ತೆಯ ಜೊತೆಗಿನ ಸಂಬಂಧಕ್ಕಾಗಿ ಶಿಕ್ಷೆಯಾಗಿತ್ತೆಂದು ಬಕ್ಲಿ ಹೊರಗೆಳೆಯುತ್ತಾನೆ. ಆಮೇಲೆ ಆ ಹುಡುಗಿಯನ್ನೇ ಅವನು ಮದುವೆಯಾದದ್ದು ಜ್ಯೂರಿಗೆ ತಿಳಿಯುವುದೇ ಇಲ್ಲ. ಸಾಕ್ಷಿಯ ಹಳೆಯ ಶಿಕ್ಷೆಗಳನ್ನು ಎತ್ತುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಮಿತಿ ಇದೆ. ಅದಕ್ಕಿಂತ ಹಳೆಯದಾದರೆ ಮೊದಲೇ ನೋಟಿಸ್ ಕೊಟ್ಟು ನ್ಯಾಯಾಧೀಶರ ಒಪ್ಪಿಗೆ ಪಡೆಯಬೇಕು. ನಿಜ ಕೋರ್ಟಿನಲ್ಲಿ ಜೇಕ್ ಆಕ್ಷೇಪಿಸಿದ್ದರೆ ಆ ಪ್ರಶ್ನೆಯೇ ನಿಂತುಹೋಗುವ ಸಂಭವ ಹೆಚ್ಚು. ನಂಬುವಂಥ ಅರ್ಧ ಯಾವುದೆಂದರೆ, ತನ್ನದೇ ತಜ್ಞನ ಪೂರ್ವಾಪರ ವಿಚಾರಿಸದೆ ವಕೀಲ ಕೋರ್ಟಿಗೆ ತರುವುದು. ದುಡ್ಡಿಲ್ಲದ ಕೇಸುಗಳಲ್ಲಿ ಸಿಕ್ಕಿದ ವೈದ್ಯನನ್ನೇ ಕರೆತರಬೇಕಾಗುತ್ತದೆ, ಹೀಗೇ ಎಡವುವುದು.

ಕಾಲು ಕಳೆದುಕೊಂಡ ಲೂನಿ 'ಅವನನ್ನು ಬಿಟ್ಟುಬಿಡಿ' ಎನ್ನುವುದು ಸಾಕ್ಷ್ಯವೇ?

ಅಲ್ಲ. ಆರೋಪಿಯನ್ನು ಬಿಡಬೇಕೋ ಬೇಡವೋ ಎಂದು ಹೇಳುವ ಹಕ್ಕು ಸಾಕ್ಷಿಗಿಲ್ಲ. ದಾಖಲೆಯಿಂದ ತೆಗೆಯಿರಿ, ಗಮನಕ್ಕೆ ತೆಗೆದುಕೊಳ್ಳಬೇಡಿ ಎಂದು ಜ್ಯೂರಿಗೆ ಹೇಳಬಹುದು. ಕೇಳಿದ್ದನ್ನು ಕೇಳದಂತೆ ಮಾಡಲು ಯಾವ ನ್ಯಾಯಾಧೀಶನಿಗೂ ಆಗದು, ವಕೀಲರಿಗೂ ಅದು ಗೊತ್ತು.

ಜ್ಯೂರರು ಊಟದ ಮೇಜಿನಲ್ಲಿ ಕೇಸಿನ ಬಗ್ಗೆ ಕೈಯೆತ್ತಿಸಿ ನೋಡುತ್ತಾರಲ್ಲ?

ಅದು ದೊಡ್ಡ ಲೋಪ. ಎರಡೂ ಕಡೆಯ ವಾದ ಮುಗಿದು, ನ್ಯಾಯಾಧೀಶರ ಸೂಚನೆ ಪಡೆದು, ಕೋಣೆಯೊಳಗೆ ಹೋಗುವವರೆಗೆ ತಮ್ಮತಮ್ಮಲ್ಲೂ ಕೇಸಿನ ಬಗ್ಗೆ ಮಾತಾಡಕೂಡದು. ಗೊತ್ತಾದರೆ ವಿಚಾರಣೆಯನ್ನೇ ರದ್ದುಮಾಡಿ ಹೊಸದಾಗಿ ಶುರುಮಾಡಬೇಕಾಗಬಹುದು. ಚಿತ್ರ ಇದನ್ನು ತಪ್ಪೆಂದು ಎತ್ತಿ ತೋರಿಸುವುದಿಲ್ಲ. ಆದರೆ ಕೊನೆಯ ವಾದಕ್ಕೆ ಮುಂಚೆ ತಕ್ಕಡಿ ಯಾವ ಕಡೆಗೆ ವಾಲಿದೆ ಎಂದು ನಮಗೆ ಕಾಣುವುದು ಆ ದೃಶ್ಯದಿಂದಲೇ.

ಜೇಕ್‌ನ ಅಂತಿಮ ವಾದವನ್ನು ನಿಜ ಕೋರ್ಟಿನಲ್ಲಿ ಹಾಗೆಯೇ ಮಾಡಬಹುದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಉತ್ತರವೂ ಉದ್ದ.

ಜೇಕ್ ಜ್ಯೂರರನ್ನು ಕಣ್ಣು ಮುಚ್ಚಲು ಹೇಳಿ, ಒಬ್ಬ ಪುಟ್ಟ ಹುಡುಗಿಗೆ ಏನೇನಾಯಿತೆಂದು ಒಂದೊಂದಾಗಿ ಹೇಳುತ್ತಾನೆ. ಹೆಸರಿಲ್ಲ, ಊರಿಲ್ಲ, ದೇಹ ಮಾತ್ರ. ಕೊನೆಯಲ್ಲಿ, ಆ ಹುಡುಗಿ ಬಿಳಿಯಳೆಂದು ಈಗ ಊಹಿಸಿಕೊಳ್ಳಿ ಎಂದು ಹೇಳಿ ಕೂರುತ್ತಾನೆ.

ನಿಯಮದ ಪ್ರಕಾರ ಇದರಲ್ಲಿ ಎಡವಟ್ಟುಗಳು ಒಂದೆರಡಲ್ಲ. ನಿಮ್ಮನ್ನು ಅಥವಾ ನಿಮ್ಮವರನ್ನು ಆ ಜಾಗದಲ್ಲಿಟ್ಟು ನೋಡಿ ಎಂದು ಜ್ಯೂರಿಯನ್ನು ಕೇಳುವುದಕ್ಕೆ ಅಮೆರಿಕದ ವಕೀಲರು 'ಗೋಲ್ಡನ್ ರೂಲ್' ವಾದ ಎನ್ನುತ್ತಾರೆ. ಅದಕ್ಕೆ ಅವಕಾಶವಿಲ್ಲ. ಬಣ್ಣವನ್ನು ಎತ್ತಿ ಭಾವನೆ ಕೆರಳಿಸುವಂತಿಲ್ಲ. ಇಲ್ಲಿ ವಿಚಾರಣೆ ನಡೆಯುತ್ತಿರುವುದು ಕೊಲೆಯದು, ಅತ್ಯಾಚಾರದ್ದಲ್ಲ. ಅತ್ಯಾಚಾರದ ವಿವರ ಬರಬಹುದಾದದ್ದು ಅಪ್ಪನ ಮನಸ್ಥಿತಿಯನ್ನು ತೋರಿಸುವಷ್ಟಕ್ಕೆ. ಚುರುಕಾದ ಸರ್ಕಾರಿ ವಕೀಲ ಎರಡನೇ ವಾಕ್ಯಕ್ಕೇ ಎದ್ದು ಆಕ್ಷೇಪಿಸುತ್ತಿದ್ದ. ಬಕ್ಲಿ ಸುಮ್ಮನೆ ಕೂತಿರುತ್ತಾನೆ. ಕ್ರಮವೂ ತಪ್ಪು: ಸಾಬೀತು ಮಾಡುವ ಹೊಣೆ ಸರ್ಕಾರದ್ದಾದ್ದರಿಂದ ಮೊದಲ ಮಾತೂ ಅವರದು, ಉತ್ತರವಾಗಿ ಕೊನೆಯ ಮಾತೂ ಅವರದೇ. ಜೇಕ್ ಕೂತಮೇಲೆ ಬಕ್ಲಿ ಮತ್ತೆ ಎದ್ದು ಆ ಮೌನವನ್ನು ಮುರಿಯಬಹುದಿತ್ತು.

ಇಷ್ಟೆಲ್ಲ ತಪ್ಪಿದ್ದರೂ ದೃಶ್ಯ ಸುಳ್ಳಲ್ಲ. ಅದು ಕಾರ್ಲ್ ಲೀ ಬಗ್ಗೆ ಏನೂ ಹೇಳುವುದಿಲ್ಲ, ಜ್ಯೂರಿಯ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ಹನ್ನೆರಡು ಬಿಳಿಯರಿಗೆ ಒಂದು ಕಪ್ಪು ಮಗುವಿನ ನೋವು ತಟ್ಟಬೇಕಾದರೆ ಆ ಮಗು ಕಪ್ಪು ಎಂಬುದನ್ನು ಮರೆಸಬೇಕಾಯಿತು. ಗೆದ್ದದ್ದು ಹಾಗೆ. ಅಲ್ಲಿ ಕಣ್ಣೀರು ಬರುವುದು ಸಹಜ, ಒಂದು ಕಳವಳವೂ ಉಳಿಯಬೇಕು.

ಈ ವಾದದ ಮೂಲ ಹಿಂದಿನ ರಾತ್ರಿಯ ಜೈಲಿನ ದೃಶ್ಯದಲ್ಲಿದೆ. ನೀನೂ ಅವರಲ್ಲೊಬ್ಬನೇ, ನಮ್ಮ ಮಕ್ಕಳು ಎಂದೂ ಜೊತೆಗೆ ಆಡುವುದಿಲ್ಲ, ನಿನ್ನನ್ನು ಆರಿಸಿಕೊಂಡದ್ದೇ ಅದಕ್ಕೆ ಎಂದು ಕಾರ್ಲ್ ಲೀ ಜೇಕ್‌ಗೆ ಮುಖಕ್ಕೆ ಹೇಳುತ್ತಾನೆ. ಅವರು ನೋಡುವಂತೆ ನೋಡು, ನನ್ನನ್ನು ಬಿಡಿಸಲು ಏನು ಹೇಳಬೇಕಾಗುತ್ತದೋ ಅದನ್ನು ಹೇಳು ಎನ್ನುತ್ತಾನೆ. ಇಡೀ ಚಿತ್ರದಲ್ಲಿ ಅತ್ಯಂತ ಪ್ರಾಮಾಣಿಕವಾದ ದೃಶ್ಯ ಇದು. ಯೋಜನೆ ಹಾಕಿದವನು ಕಾರ್ಲ್ ಲೀ, ಭಾಷಣ ಮಾಡಿದವನು ಜೇಕ್.

ಖುಲಾಸೆಯಾದ ಕೂಡಲೇ ಮನೆಗೆ ಹೋಗಬಹುದೇ? ಸರ್ಕಾರ ಮೇಲ್ಮನವಿ ಹಾಕಬಹುದಲ್ಲ?

ಮೇಲ್ಮನವಿ ಇಲ್ಲ. ಜ್ಯೂರಿ ನಿರಪರಾಧಿ ಎಂದರೆ ಮುಗಿಯಿತು, ಅದು ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯ ರಕ್ಷಣೆ. ಆದರೆ ಹುಚ್ಚಿನ ಕಾರಣಕ್ಕೆ ಬಿಡುಗಡೆಯಾದರೆ ಇನ್ನೊಂದು ಹೆಜ್ಜೆ ಇದೆ. ಆರೋಪಿಗೆ ಬುದ್ಧಿ ಮರಳಿದೆಯೇ, ಅವನಿಂದ ಸಮಾಜಕ್ಕೆ ಅಪಾಯವಿದೆಯೇ ಎಂಬುದನ್ನೂ ಮಿಸಿಸಿಪ್ಪಿಯ ಜ್ಯೂರಿ ಹೇಳಬೇಕು. ಮರಳಿಲ್ಲ, ಅಪಾಯವಿದೆ ಎಂದರೆ ಸರ್ಕಾರಿ ಮಾನಸಿಕ ಆಸ್ಪತ್ರೆಗೆ. ಸಿನಿಮಾ ಇದನ್ನು ಹಾರಿಸಿ, ಹುಡುಗನೊಬ್ಬ ಹೊರಗೋಡಿ ಬಂದು ತೀರ್ಪನ್ನು ಕೂಗಿ ಹೇಳುವುದಕ್ಕೆ ಜಿಗಿಯುತ್ತದೆ.

ಕೊಲ್ಲುವ ಸುಳಿವು ಜೇಕ್‌ಗೆ ಮೊದಲೇ ಸಿಕ್ಕಿತ್ತು. ಪೊಲೀಸರಿಗೆ ಹೇಳಬೇಕಿರಲಿಲ್ಲವೇ?

ಕಕ್ಷಿದಾರನ ಮಾತನ್ನು ಗುಟ್ಟಾಗಿಡುವುದು ವಕೀಲನ ಧರ್ಮ. ಆದರೆ ಒಂದು ಜೀವ ಹೋಗುವುದನ್ನು ತಡೆಯಲು ಬಾಯಿಬಿಡಬಹುದು ಎಂಬ ವಿನಾಯಿತಿ ಅಮೆರಿಕದ ವಕೀಲಿ ನಿಯಮಗಳಲ್ಲಿದೆ. ಅದು 'ಬಹುದು', 'ಬೇಕು' ಅಲ್ಲ. ಶಿಕ್ಷೆಗೆ ಗುರಿಯಾಗುವ ತಪ್ಪು ಜೇಕ್ ಮಾಡಿಲ್ಲ, ಆದರೆ ಹೆಂಡತಿ ಅವನನ್ನು ಕೇಳುವ ಪ್ರಶ್ನೆಗೆ ಅವನ ಬಳಿ ಉತ್ತರವೂ ಇಲ್ಲ.

ಕಾದಂಬರಿಗೂ ಸಿನಿಮಾಕ್ಕೂ ಏನು ವ್ಯತ್ಯಾಸ?

ಕಾದಂಬರಿಯ ಊರು ಕ್ಲ್ಯಾಂಟನ್, ಫೋರ್ಡ್ ಕೌಂಟಿ, ಎರಡೂ ಕಲ್ಪಿತ. ಚಿತ್ರವನ್ನು ನಿಜವಾದ ಕ್ಯಾಂಟನ್‌ನಲ್ಲಿ, ಅಲ್ಲಿನ ಹಳೆಯ ಕೋರ್ಟು ಚೌಕದಲ್ಲಿ ತೆಗೆದರು. ಮುಖ್ಯ ವ್ಯತ್ಯಾಸ ಒಂದೇ: ಕಾದಂಬರಿಯಲ್ಲಿ ಹುಡುಗಿ ಬಿಳಿಯಳೆಂದು ಊಹಿಸಿಕೊಳ್ಳಿ ಎನ್ನುವವನು ಜೇಕ್ ಅಲ್ಲ, ಮುಚ್ಚಿದ ಕೋಣೆಯೊಳಗೆ ಜ್ಯೂರಿಯ ಹೆಂಗಸೊಬ್ಬಳು. ಬರಹಗಾರ ಆ ಬದಲಾವಣೆಯನ್ನು ಜ್ಯೂರಿಯ ಒಳಗಿನಿಂದಲೇ ಹುಟ್ಟಿಸಿದ್ದ. ಸಿನಿಮಾಕ್ಕೆ ನಾಯಕನ ಬಾಯಲ್ಲಿ ಬೇಕಿತ್ತು. ಪರಿಣಾಮ ಹೆಚ್ಚಿತು, ಅರ್ಥ ಕುಗ್ಗಿತು.

ಟೀಕೆ ಏನು?

ಕಪ್ಪು ಜನರ ಸಂಕಟವನ್ನು ಬಿಳಿ ವಕೀಲನ ಕಥೆಯಾಗಿಸಿದೆ ಎಂಬುದು ಮೊದಲ ದೂರು, ಅದು ಸರಿಯಾದ ದೂರೇ. ಮನೆ ಸುಡುವುದು ಜೇಕ್‌ನದು, ಸಂಸಾರ ಚದುರುವುದು ಜೇಕ್‌ನದು, ಎಲೆನ್‌ಳನ್ನು ಕ್ಲ್ಯಾನ್‌ನವರು (ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲ್ಯಾನ್) ಕಟ್ಟಿಹಾಕಿ ಹಿಂಸಿಸುತ್ತಾರೆ. ಟೋನ್ಯಾ ಮಾತ್ರ ಶುರುವಿನ ನಂತರ ಹೆಚ್ಚುಕಮ್ಮಿ ಮಾತೇ ಆಡುವುದಿಲ್ಲ. ಅವಳ ಅಮ್ಮ ಗ್ವೆನ್ ಮನೆ ಹೇಗೆ ನಡೆಸಿದಳೆಂಬುದು ಒಂದೆರಡು ದೃಶ್ಯಕ್ಕೆ ಮುಗಿಯುತ್ತದೆ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ವಕೀಲರನ್ನು ಹಣ ಮತ್ತು ಪ್ರಚಾರದ ಹಿಂದೆ ಬಿದ್ದವರಂತೆ ತೋರಿಸಿದ್ದು ಇನ್ನೂ ಅನ್ಯಾಯ. ದಕ್ಷಿಣದ ಕೋರ್ಟುಗಳಲ್ಲಿ ಬಿಳಿ ಜ್ಯೂರಿಗಳ ಮುಂದೆ ಕಪ್ಪು ಆರೋಪಿಗಳ ಪರ ದಶಕಗಳ ಕಾಲ ಜೀವ ಪಣಕ್ಕಿಟ್ಟು ನಿಂತವರು ಥರ್ಗುಡ್ ಮಾರ್ಷಲ್‌ರಂಥ ಅದೇ ಪರಂಪರೆಯ 
ವಕೀಲರು.

ಎರಡನೆಯ ದೂರು, ಚಿತ್ರ ಸೇಡನ್ನೇ ನ್ಯಾಯ ಎನ್ನುತ್ತದೆ ಎಂಬುದು. ಇದಕ್ಕೆ ಪೂರ್ತಿ ಹೌದು ಎನ್ನಲಾಗದು. ಸತ್ತ ಇಬ್ಬರಲ್ಲಿ ಒಬ್ಬನ ಸೋದರ ಫ್ರೆಡ್ಡಿಯೂ ಸೇಡಿಗೇ ಕ್ಲ್ಯಾನ್ ಸೇರುತ್ತಾನೆ, ಅದರಿಂದ ಜೇಕ್‌ನ ಕಾರ್ಯದರ್ಶಿಯ ಗಂಡ ಸಾಯುತ್ತಾನೆ, ಬೀದಿಯಲ್ಲಿ ಇನ್ನಷ್ಟು ಹೆಣ ಬೀಳುತ್ತವೆ. ಒಂದು ಸೇಡಿಗೆ ಚಪ್ಪಾಳೆ, ಇನ್ನೊಂದಕ್ಕೆ ಶಾಪ. ಆ ವ್ಯತ್ಯಾಸಕ್ಕೆ ಕಾರಣ ಕೊಡುವ ಕೆಲಸವನ್ನು ಚಿತ್ರ ನಮಗೇ ಬಿಟ್ಟಿದೆ.

ಇದೇ ಕೇಸು ಕರ್ನಾಟಕದಲ್ಲಿ ನಡೆದಿದ್ದರೆ?

ಜ್ಯೂರಿ ಇರುತ್ತಿರಲಿಲ್ಲ. ಸೆಷನ್ಸ್ ನ್ಯಾಯಾಧೀಶರು ಕಾರಣಗಳನ್ನು ಬರೆದು ತೀರ್ಪು ಕೊಡುತ್ತಾರೆ, ಖುಲಾಸೆಯ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು (ಹಿಂದಿನ ಐಪಿಸಿ 84) ಅದೇ ಮೆಕ್‌ನಾಟನ್ ಸೂತ್ರದ್ದು. ಆದರೆ ಇಲ್ಲಿ ಬುದ್ಧಿ ಸರಿಯಿರಲಿಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ತಕ್ಷಣದ ತೀವ್ರ ಕೆರಳಿಕೆ ಎಂಬ ವಿನಾಯಿತಿಯೂ ಸಿಗದು. ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಧಿಕಾರಿ ನಾನಾವತಿಯ ಕೇಸಿನ 1961ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಿಷಯ ತಿಳಿದದ್ದಕ್ಕೂ ಕೊಂದದ್ದಕ್ಕೂ ನಡುವಿನ ಸುಮಾರು ಮೂರು ಗಂಟೆಯ ಅಂತರವನ್ನೇ ಮನಸ್ಸು ಹಿಡಿತಕ್ಕೆ ಬರಲು ಸಾಕಷ್ಟು ಸಮಯ ಎಂದಿತ್ತು. ಅತ್ಯಾಚಾರವನ್ನು ತಡೆಯಲು ಕೊಲ್ಲುವವರೆಗೂ ಹೋಗುವ ರಕ್ಷಣೆಯ ಹಕ್ಕು ನಮ್ಮ ಕಾನೂನಿನಲ್ಲಿದೆ, ಆದರೆ ಅಪಾಯ ಇರುವಷ್ಟು ಹೊತ್ತು ಮಾತ್ರ. ಕಾರ್ಲ್ ಲೀಗೆ ಇಲ್ಲಿ ಕಡಿಮೆಯೆಂದರೂ ಜೀವಾವಧಿ ಶಿಕ್ಷೆ.

ಜ್ಯೂರಿ ಇಲ್ಲದ ಮಾತ್ರಕ್ಕೆ ಕಾರ್ಲ್ ಲೀಯ ಭಯ ಇಲ್ಲಿ ಇರುವುದಿಲ್ಲವೆಂದಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಲ್ಲಿ ಸೋರುವುದು ಜ್ಯೂರಿಯ ಕುರ್ಚಿಯಲ್ಲಿ, ಇಲ್ಲಿ ಸಾಕ್ಷಿಕಟ್ಟೆಯಲ್ಲಿ.

ಮುಂದಿನ ಭಾಗ ಇದೆಯೇ?

ಸಿನಿಮಾಕ್ಕೆ ಇಲ್ಲ. ಜೇಕ್ ಬ್ರಿಗಾನ್ಸ್‌ನನ್ನೇ ಇಟ್ಟುಕೊಂಡು ಗ್ರಿಶಮ್ 'ಸಿಕಮೋರ್ ರೋ' (2013), 'ಎ ಟೈಮ್ ಫಾರ್ ಮರ್ಸಿ' (2020) ಬರೆದರು. ಮೊದಲ ಕಾದಂಬರಿ 2013ರಲ್ಲಿ ಬ್ರಾಡ್‌ವೇಯಲ್ಲಿ ನಾಟಕವೂ ಆಯಿತು, ಬೇಗ ನಿಂತುಹೋಯಿತು.

ಅಮೆರಿಕದಲ್ಲಿರುವ ನಮ್ಮವರಿಗೆ ಜ್ಯೂರಿಯ ಪತ್ರ ಬಂದಿದೆ. ಹೋಗಲೇಬೇಕೇ?

ಅಲ್ಲಿನ ಪೌರತ್ವ ಪಡೆದಿದ್ದರೆ ಹೋಗಬೇಕು. ಎಚ್-1ಬಿ ಇರುವವರೂ ಗ್ರೀನ್ ಕಾರ್ಡ್ ಇರುವವರೂ ಅರ್ಹರಲ್ಲ. ಆದರೆ ಎಷ್ಟೋ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುವುದರಿಂದ ಅವರಿಗೂ ಪತ್ರ ಬರುತ್ತದೆ. ಅದನ್ನು ಮೂಲೆಗೆ ಹಾಕಬೇಡಿ. ನಾಗರಿಕನಲ್ಲ ಎಂಬ ಜಾಗದಲ್ಲಿ ಗುರುತು ಹಾಕಿ ಗಡುವಿನೊಳಗೆ ವಾಪಸ್ ಕಳಿಸಿ. ಗೊತ್ತಿಲ್ಲದೆ ನಾಗರಿಕ ಎಂದು ಬರೆದುಬಿಟ್ಟರೆ ಮುಂದೆ ವೀಸಾ, ಪೌರತ್ವದ ಅರ್ಜಿಗೆ ದೊಡ್ಡ ತೊಡಕಾಗುತ್ತದೆ.

ಪೌರರಾಗಿದ್ದರೆ, ಆ ದಿನ ಬಿಡುವಿಲ್ಲದಿದ್ದಲ್ಲಿ ದಿನಾಂಕ ಮುಂದೂಡಲು ಕೇಳಬಹುದು, ಸಾಮಾನ್ಯವಾಗಿ ಒಂದು ಸಲಕ್ಕೆ ಒಪ್ಪುತ್ತಾರೆ. ವಕೀಲರ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ತಪ್ಪಿಸಿಕೊಳ್ಳಲು ಇಲ್ಲದ ಪೂರ್ವಗ್ರಹವನ್ನು ಹೇಳಿಕೊಳ್ಳಬೇಡಿ. ಆಯ್ಕೆಯಾದರೆ ವಿಚಾರಣೆ ಮುಗಿಯುವವರೆಗೆ ಮನೆಯಲ್ಲೂ ವಾಟ್ಸ್ಯಾಪ್ ಗುಂಪಿನಲ್ಲೂ ಕೇಸಿನ ಮಾತೆತ್ತಬೇಡಿ, ಗೂಗಲ್‌ನಲ್ಲಿ ಹುಡುಕಬೇಡಿ. ಕೋಣೆಯೊಳಗೆ ಹನ್ನೊಂದು ಜನ ಒಂದು ಕಡೆ, ನೀವೊಬ್ಬರೇ ಇನ್ನೊಂದು ಕಡೆ ಇದ್ದರೂ ನಿಮ್ಮ ಮತ ನಿಮ್ಮದೇ. ಗಂಭೀರ ಅಪರಾಧದ ಕೇಸಿನಲ್ಲಿ ನೀವೂ ಒಪ್ಪದೆ ತೀರ್ಪಾಗುವುದಿಲ್ಲ.